ಸರ್ವಸಮತೆಯ ಸಾಧನೆಯನ್ನು ಕೊನೆಯ ಸಾಲಿನಿಂದ ತಿದ್ದುವುದು: ನನ್ನ ಅನುಭವ

ಸರ್ವಸಮ ತ್ರಿಭುಜಗಳ (ಆಕಾರ, ಅಳತೆ ಎರಡರಲ್ಲೂ ಒಂದೇ ಆದವುಗಳ) ಸಾಧನೆಯನ್ನು ನಾನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ತಿದ್ದುತ್ತೇನೆ. ಉಲ್ಟಾ ಓದಿದರೆ ಹೊತ್ತು ಹಾಳು ಎಂದವರೇ ಹೆಚ್ಚು. ಈಗ ಒಂದಕ್ಕೆ ಹೆಚ್ಚುಕಡಿಮೆ 3 ನಿಮಿಷ ಸಾಕು. ಮೇಲಿನಿಂದ ಓದುತ್ತಿದ್ದಾಗ 6–7 ಹಿಡಿಯುತ್ತಿತ್ತು, ಅಷ್ಟಾದರೂ ಮುಖ್ಯ ತಪ್ಪೇ ನುಣುಚಿಕೊಳ್ಳುತ್ತಿತ್ತು.

ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತು. ಸಮ ಬಾಹು, ಸಮ ಕೋನಗಳಿಗೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿದೆ. ಗುರುತು ಬಿದ್ದ ಮೇಲೆ ಅದು ದತ್ತವೋ (ಲೆಕ್ಕದಲ್ಲೇ ಕೊಟ್ಟದ್ದೋ), ಸಾಧಿಸಿದ್ದೋ, ಬರೀ ಊಹೆಯೋ ಗೊತ್ತೇ ಆಗುವುದಿಲ್ಲ. ಟ್ರೇಸಿಂಗ್ ಹಾಳೆಯಲ್ಲಿ ಒಂದು ತ್ರಿಭುಜ ತೆಗೆದು ಇನ್ನೊಂದರ ಮೇಲಿಟ್ಟೆ. ಚಿತ್ರ ಅಂದವಾಗಿದ್ದರೆ ಎಲ್ಲವೂ ಸರಿಯಾಗಿ ಕೂರುತ್ತದೆ, ಸಾಧನೆ ಸರಿಯೋ ತಪ್ಪೋ ಅದರಿಂದ ತಿಳಿಯದು. ಹಾಳೆ, ಪೆನ್ನಿಗೆ ಹಾಕಿದ ದುಡ್ಡು ದಂಡ. ಈಗ ಒಂದು ಪೆನ್ಸಿಲ್, ಚಿತ್ರ ಮುಚ್ಚಲು ಒಂದು ರದ್ದಿ ಕಾಗದ, ಅಷ್ಟೆ.

ಒಂದು ಲೆಕ್ಕ ನೋಡಿ. ಚತುರ್ಭುಜ ಎಬಿಸಿಡಿಯಲ್ಲಿ ಎಬಿ = ಸಿಡಿ, ಎಬಿ ∥ ಸಿಡಿ; ಎಡಿ ∥ ಬಿಸಿ ಎಂದು ಸಾಧಿಸಬೇಕು. ಕರ್ಣ ಎಸಿ ಎಳೆದಾಗಿದೆ. ಕೊನೆಯ ಸಾಲಿಗೆ ∠ಡಿಎಸಿ = ∠ಬಿಸಿಎ ಬೇಕು, ಅದಕ್ಕೆ ಸರ್ವಸಮತೆ ಬೇಕು, ಸರ್ವಸಮತೆಗೆ ಮೂರು ಅಂಶ ಬೇಕು. ಆ ಮೂರರ ಪಕ್ಕದಲ್ಲೂ ಮೂಲ ಬರೆಯುತ್ತೇನೆ: ದತ್ತಕ್ಕೆ ‘ದ’, ರಚನೆಗೆ (ಸಾಧನೆಗಾಗಿ ನಾವೇ ಎಳೆದ ರೇಖೆಗೆ) ‘ರ’, ಉಳಿದದ್ದಕ್ಕೆ ಸಾಲಿನ ಸಂಖ್ಯೆ. ಬರೆದವರು ಕೋ.ಬಾ.ಕೋ. (ಎರಡು ಕೋನ, ಅವುಗಳ ನಡುವಿನ ಬಾಹು) ಹಾಕಿದ್ದಾರೆ: ∠ಬಿಎಸಿ = ∠ಡಿಸಿಎ, ಎಸಿ ಉಭಯಸಾಮಾನ್ಯ, ∠ಬಿಸಿಎ = ∠ಡಿಎಸಿ. ಮೂರನೆಯದರ ಕಾರಣ ‘ಪರ್ಯಾಯ ಕೋನಗಳು’. ಯಾವ ಸಮಾಂತರ ರೇಖೆಗಳವು? ಎಡಿ, ಬಿಸಿ! ಸಾಧಿಸಬೇಕಾದದ್ದನ್ನೇ ಸಾಲ ತಂದಿದ್ದಾರೆ. ಎಬಿ = ಸಿಡಿ ಮಾತ್ರ ಎಲ್ಲೂ ಬಳಕೆಯಾಗಿಲ್ಲ. ದತ್ತದಲ್ಲಿ ಒಂದು ಉಳಿದುಬಿಟ್ಟರೆ ನಾನು ಮೊದಲು ಅನುಮಾನಪಡುವುದು ಇಂಥ ಸಾಲವನ್ನೇ. ಮೂರನೆಯದನ್ನು ಹೊಡೆದು ಎಬಿ = ಸಿಡಿ ಹಾಕಿದರೆ ಬಾ.ಕೋ.ಬಾ. (ಎರಡು ಬಾಹು, ಅವುಗಳ ನಡುವಿನ ಕೋನ) ಆಗುತ್ತದೆ, ಉಳಿದ ಸಾಲುಗಳನ್ನು ಮುಟ್ಟಬೇಕಿಲ್ಲ.

ಅದೇ ಲೆಕ್ಕದಲ್ಲಿ ಹೆಸರಿನ ಕ್ರಮವೂ ಎಡವಿಸುತ್ತದೆ. △ಎಬಿಸಿ ≅ △ಸಿಡಿಎ ಸರಿ. △ಎಬಿಸಿ ≅ △ಎಡಿಸಿ ಎಂದು ಬರೆದರೆ ಎಬಿ = ಎಡಿ ಬಂದು ಕೂರುತ್ತದೆ, ಎಲ್ಲ ಸಮಾಂತರ ಚತುರ್ಭುಜಗಳೂ ವಜ್ರಾಕೃತಿಯಾಗಿಬಿಡುತ್ತವೆ (ನಾಲ್ಕೂ ಬಾಹು ಸಮ).

ಸಮದ್ವಿಬಾಹು ತ್ರಿಭುಜದಲ್ಲಿ (ಎಬಿ = ಎಸಿ; ∠ಬಿ = ∠ಸಿ ಎಂದು ಸಾಧಿಸಬೇಕು) ತಪ್ಪು ರಚನೆಯಲ್ಲೇ ಇರುತ್ತದೆ: ‘ಎಡಿಯು ಕೋನ ಎಯನ್ನು ಅರ್ಧಿಸುವಂತೆ, ಬಿಸಿಗೆ ಲಂಬವಾಗುವಂತೆ ಎಳೆ’. ಒಂದು ರೇಖೆಗೆ ಎರಡು ಷರತ್ತು ಹಾಕುವಂತಿಲ್ಲ. ಅರ್ಧಕ ಇಟ್ಟುಕೊಂಡರೆ ಬಾ.ಕೋ.ಬಾ., ಲಂಬವಾದರೆ ಲಂ.ವಿ.ಬಾ. (ಲಂಬಕೋನ, ವಿಕರ್ಣ, ಬಾಹು), ಮಧ್ಯರೇಖೆಯಾದರೆ ಬಾ.ಬಾ.ಬಾ. (ಮೂರೂ ಬಾಹು). ಯಾವುದಾದರೂ ಒಂದು.

ಕೋನ ನಡುವಿನದಲ್ಲದಿದ್ದರೂ ಬಾ.ಕೋ.ಬಾ. ಎಂದವರ ಜೊತೆ ವಾದ ಬೇಡ, ಕೈವಾರ ಕೊಡಿ. ∠ಬಿ = 30°, ಎಬಿ = 8 ಸೆಂ.ಮೀ., ಎಸಿ = 5 ಸೆಂ.ಮೀ. ಎಯಿಂದ ಎಳೆದ ಕಂಸ ತಳವನ್ನು ಎರಡು ಕಡೆ ಕಡಿಯುತ್ತದೆ; ಬಿಸಿ ಒಮ್ಮೆ ಸುಮಾರು 3.9, ಇನ್ನೊಮ್ಮೆ 9.9. ಅಳತೆ ಬದಲಿಸುವುದಾದರೆ ಎಸಿ 4ಕ್ಕಿಂತ ಹೆಚ್ಚು, 8ಕ್ಕಿಂತ ಕಡಿಮೆ ಇರಲಿ.

ಇನ್ನು 12 ಸಾಲು ದಾಟಿದ ಸಾಧನೆಯಲ್ಲಿ ಯಾವ ಸಾಲಿಗೆ ನೇರ ಹಾರುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಈ ವಿಧಾನ ಸೋಲುವ ಒಂದು ಜಾಗವೂ ಸಿಕ್ಕಿತು: ‘ಎಲ್ಲ ತ್ರಿಭುಜಗಳೂ ಸಮದ್ವಿಬಾಹು’ ಎಂಬ ಹಳೆಯ ಕುಚೇಷ್ಟೆ. ಕೋನ ಎಯ ಅರ್ಧಕ, ಬಿಸಿಯ ಲಂಬಾರ್ಧಕ ಎರಡೂ ಓ ಎಂಬ ಬಿಂದುವಿನಲ್ಲಿ ಸೇರುತ್ತವೆ. ಅಲ್ಲಿಂದ ಎಬಿ, ಎಸಿಗಳಿಗೆ ಲಂಬ ಎಳೆದು, ಎರಡು ಕಡೆಯ ತುಂಡುಗಳು ಸಮವೆಂದು ತೋರಿಸಿ, ಅವನ್ನು ಕೂಡಿ ಎಬಿ = ಎಸಿ ಎನ್ನುತ್ತಾರೆ. ಸರ್ವಸಮತೆಗಳೆಲ್ಲ ಸರಿ, ಮೂಲಗಳೂ ಸರಿ. ಚಿತ್ರವನ್ನು ಮುಚ್ಚಿಟ್ಟವನಿಗೆ ಇಲ್ಲಿ ಏನೂ ಸಿಗದು. ಎಬಿ = 8, ಎಸಿ = 5 ಇಟ್ಟು ಬಿಡಿಸಿದಾಗ ಓ ತ್ರಿಭುಜದ ಹೊರಗೆ ಬಿತ್ತು. ಎರಡು ಲಂಬಪಾದಗಳೂ ಎಯಿಂದ 6.5 ದೂರ: ಒಂದು ಎಬಿಯ ಮೇಲೆ, ಇನ್ನೊಂದು ಸಿಯನ್ನು ದಾಟಿ 1.5 ಆಚೆ. ಒಂದು ಕಡೆ 6.5 + 1.5, ಇನ್ನೊಂದು ಕಡೆ 6.5 − 1.5, ಸಾಧನೆ ಎರಡು ಕಡೆಯೂ ಕೂಡಿತ್ತು. ಅಂದಿನಿಂದ, ಬಾಹುವಿನ ತುಂಡುಗಳನ್ನು ಕೂಡುವ ಸಾಲು ಬಂದಾಗ ಮಾತ್ರ ಕಾಗದ ಸರಿಸಿ, ಅಳತೆ ಹಿಡಿದು ಚಿತ್ರವನ್ನು ಹೊಸದಾಗಿ ಬರೆಯುತ್ತೇನೆ.