ಮನೆಗೆಲಸಕ್ಕೊಂದು ಗರ: ನನ್ನ ಅನುಭವ

ಮನೆಗೆಲಸವನ್ನು ಆಟವಾಗಿಸಲು ಹೊರಟವರಿಗೆಲ್ಲ ಅಂಕಪಟ್ಟಿ, ನಕ್ಷತ್ರದ ಸ್ಟಿಕ್ಕರು, ತಪ್ಪದೆ ಮಾಡಿದ ದಿನಗಳ ಲೆಕ್ಕ ಇವೆಲ್ಲ ಪರಿಚಿತವಾದ್ದರಿಂದ ಅವುಗಳ ವಿವರಣೆಗೆ ನಾನು ಹೋಗುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅವು ಮೂರೂ ಸೋತವು. ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಕಳೆದುಕೊಂಡ ಮೇಲೆ, ಅಡುಗೆಮನೆಯ ಹೊರಗೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ, ಕವಡೆ ಬಿಟ್ಟು ಕಾಯಿ ನಡೆಸುವ ನಮ್ಮ ಹಳೆಯ ಆಟ, ಗೆದ್ದಿತು. ಬೆಂಗಳೂರಿನಲ್ಲಿ ಮೊಬೈಲ್ ಗೇಮ್‌ಗಳನ್ನು ರೂಪಿಸುವ ನನ್ನ ಹೆಂಡತಿಯ ತಮ್ಮ, "ಭಾವ, ಇದು ಎರಡು ವಾರ ನಡೆದರೆ ಹೆಚ್ಚು" ಎಂದಿದ್ದ. ಈಗ ನಡೆಯುತ್ತಿರುವುದು ಹದಿನಾಲ್ಕನೆಯ ತಿಂಗಳು.

ಮೊದಲ ತಪ್ಪು ಹಣದ್ದು. ಕೆಲಸಕ್ಕೆ ಐದು ರೂಪಾಯಿಯಂತೆ ಮಕ್ಕಳಿಗೆ ಕೊಡತೊಡಗಿದೆ. ಎರಡು ತಿಂಗಳಲ್ಲಿ ಹತ್ತೊಂಬತ್ತು ನೂರರಷ್ಟು ಖರ್ಚಾಯಿತು. ಖರ್ಚಿಗಿಂತ ನೋವಾದದ್ದು, ಅಜ್ಜಿಗೆ ಒಂದು ಲೋಟ ನೀರು ಕೊಡೆಂದಾಗ ಏಳು ವರ್ಷದ ಮಗಳು "ಇದಕ್ಕೆಷ್ಟು?" ಎಂದು ಕೇಳಿದ್ದು. ಆಮೇಲೆ ವರ್ಷಕ್ಕೆ ಎರಡು ಸಾವಿರದ ನಾನೂರರ ಆಸುಪಾಸು ಕಟ್ಟಿ ಒಂದು ಆ್ಯಪ್ ಹಾಕಿಕೊಂಡೆವು. ಮಗ ನಲವತ್ತೊಂದು ದಿನ ತಪ್ಪದೆ ಮಾಡಿದ. ಹಾಸನದಲ್ಲಿ ನೆಂಟರ ಮದುವೆಗೆ ಹೋದ ದಿನ ಲೆಕ್ಕ ಸೊನ್ನೆಗಿಳಿಯಿತು, ಅವನು ಅದನ್ನು ಮತ್ತೆ ತೆರೆಯಲಿಲ್ಲ. ಫ್ರಿಜ್ಜಿನ ಮೇಲಿನ ಅಂಕಪಟ್ಟಿಯಲ್ಲಿ ಸದಾ ನನ್ನ ಹೆಂಡತಿಯೇ ಮೇಲಿದ್ದಳು, ಕೊನೆಯಲ್ಲಿದ್ದ ಮಗಳು ಮೂರನೆಯ ವಾರಕ್ಕೆ ಕೈಬಿಟ್ಟಳು.

ದುಡಿದವರೇ ಗೆಲ್ಲುವ ಆಟದಲ್ಲಿ ಚಿಕ್ಕವರಿಗೆ ಆಸೆಯೇ ಉಳಿಯುವುದಿಲ್ಲವೆಂದು ನನಗೆ ಹೊಳೆದದ್ದು ಆಗ. ಆದ್ದರಿಂದ ಕೆಲಸಕ್ಕೆ ಅಂಕದ ಬದಲು ಒಂದು ಗರ ಕೊಟ್ಟೆ: ಕೆಲಸ ಮುಗಿಸಿದವರು ಕವಡೆ ಬಿಡಬೇಕು, ಎಷ್ಟು ಬೀಳುತ್ತದೆಂಬುದು ಅದೃಷ್ಟ. ಐದಕ್ಕೈದು ಚೌಕಗಳ ಈ ಆಟದಲ್ಲಿ ಕಾಯಿಯೊಂದು ಹಣ್ಣಾಗಲು, ಎಂದರೆ ನಟ್ಟನಡುವಿನ ಮನೆ ಸೇರಲು, ಇಪ್ಪತ್ತನಾಲ್ಕು ಮನೆ ನಡೆಯಬೇಕು. ಕವಡೆ ಎರಡು ಬದಿಗೂ ಸಮನಾಗಿ ಬೀಳುವುದಾದರೆ ಗರಕ್ಕೆ ಸರಾಸರಿ ಎರಡೂವರೆ ಮನೆ, ಎಂದರೆ ಕಾಯಿಗೆ ಹತ್ತು ಗರ. ನಾಲ್ಕು ಕಾಯಿ ಇಟ್ಟಾಗ ಆಟ ಎರಡು ವಾರ ಎಳೆದು ಎಲ್ಲರಿಗೂ ಬೇಸರ ಬಂತು. ತಲಾ ಎರಡು ಕಾಯಿಗೆ ಇಳಿಸಿದ ಮೇಲೆ, ದಿನಕ್ಕೆ ಮೂರು ಗರದ ಲೆಕ್ಕದಲ್ಲಿ ಶನಿವಾರದ ಹೊತ್ತಿಗೆ ಮುಗಿಯತೊಡಗಿತು. ಗೆದ್ದವರಿಗೆ ಭಾನುವಾರದ ತಿಂಡಿ ಯಾವುದೆಂದು ಹೇಳುವ ಅಧಿಕಾರ, ಅಷ್ಟೆ.

ಆದರೂ ಮೊದಲ ತಿಂಗಳು ರಂಪವೇ ಆಯಿತು. ಗರದ ಆಸೆಗೆ ಮಗ ಒಂದೇ ಲೋಟವನ್ನು ಮೂರು ಸಲ ತೊಳೆದ; ಬೆಳಿಗ್ಗೆ ಸ್ಲೇಟಿನ ಮೇಲೆ ಬರೆದ ಕೆಲಸಗಳಿಗೆ ಮಾತ್ರ ಗರ ಎಂದು ಕಟ್ಟು ಮಾಡಬೇಕಾಯಿತು. ಹಣ್ಣಾಗಲು ಎರಡೇ ಮನೆ ಉಳಿದಿದ್ದ ತಂಗಿಯ ಕಾಯನ್ನು ಅವನು ಕಡಿದು ಮೊದಲಿಗೆ ಕಳಿಸಿದಾಗ ಅವಳು ಕವಡೆಗಳನ್ನು ಎಸೆದಳು, ಒಂದು ಇಂದಿಗೂ ಬೀರುವಿನ ಹಿಂದೆ ಇದೆ. ಒಬ್ಬರನ್ನೊಬ್ಬರು ಕಡಿಯುವಂತಿಲ್ಲವೆಂದರೆ ಆಟ ಸಪ್ಪೆ, ಕಡಿಯಬಹುದೆಂದರೆ ಜಗಳ. ಇದಕ್ಕೆ ನಾನು ಕಂಡುಕೊಂಡ ಪರಿಹಾರವೇ ಮೂದೇವಿ. ಯಾರಿಗೂ ಸೇರದ ಈ ಕರಿಯ ಕಾಯಿ ಹೊರಸುತ್ತಿನಲ್ಲಿ ಮಾತ್ರ ತಿರುಗುತ್ತದೆ. ರಾತ್ರಿ ಮಲಗುವಾಗ ಸ್ಲೇಟಿನಲ್ಲಿ ಎಷ್ಟು ಕೆಲಸ ಉಳಿದಿದೆಯೋ ಮೂದೇವಿಗೆ ಅಷ್ಟು ಗರ. ಕಟ್ಟೆಯಲ್ಲಿ, ಎಂದರೆ ಕಡಿಯುವಂತಿಲ್ಲದ ಮನೆಯಲ್ಲಿ, ಇಲ್ಲದ ಕಾಯಿ ಸಿಕ್ಕಿದರೆ ಕಡಿಯುತ್ತಾಳೆ, ಅವಳನ್ನು ಒಮ್ಮೆಯಾದರೂ ಕಡಿಯದವರು ಒಳಸುತ್ತಿಗೆ ಹೋಗುವಂತಿಲ್ಲ. "ಚೌಕಾಬಾರದಲ್ಲಿ ಹೀಗೆಲ್ಲ ಇಲ್ಲ ಕಣೋ" ಎಂದು ಅಮ್ಮ ತಕರಾರು ತೆಗೆದರು. ಮುಮ್ಮಡಿ ಕೃಷ್ಣರಾಜ ಒಡೆಯರೇ ಹೊಸ ಹೊಸ ಆಟಗಳನ್ನು ರೂಪಿಸಿ ಜಗನ್ಮೋಹನ ಅರಮನೆಯ ಗೋಡೆಗೇರಿಸಿದ್ದಾರಲ್ಲ ಎಂದು ನೆನಪಿಸಿದ ಮೇಲೆ ಸುಮ್ಮನಾದರು. ಕಟ್ಟೆಗಳಲ್ಲಿ ಎರಡನ್ನು ನಾನು ಬೇರೆಡೆಗೆ ಸರಿಸಿದ್ದೇನೆ. ಎಲ್ಲಿಗೆಂಬುದನ್ನೂ, ಮೂದೇವಿಯ ಕವಡೆಯೊಂದಕ್ಕೆ ಏನು ಮಾಡಿದ್ದೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ.

ಒಂದು ರಾತ್ರಿ ಹತ್ತು ಗಂಟೆಗೆ ಮಂಚದ ಮೇಲೆ ಒಗೆದ ಬಟ್ಟೆಗಳ ರಾಶಿ ಬಿದ್ದಿತ್ತು. ಮಡಚುವ ಕೆಲಸಕ್ಕೆ ಎರಡು ಗರವಿದ್ದರೂ ಅಂದು ಯಾರೂ ಮುಟ್ಟಿರಲಿಲ್ಲ. ಮೂದೇವಿ ಮಗನ ಕಾಯಿಗಿಂತ ಮೂರು ಮನೆ ಹಿಂದಿದ್ದಳು. ಹಲ್ಲುಜ್ಜಿ ಮಲಗಲು ಹೊರಟಿದ್ದ ಮಗಳು ತಿರುಗಿ ಬಂದು, "ಅಣ್ಣ, ನೀನು ಪ್ಯಾಂಟು ಮಡಚು, ನಾನು ಕಾಲುಚೀಲ ಜೋಡಿಸುತ್ತೇನೆ" ಎಂದಳು. ಕಾಯಿ ಅವನದು, ಅವಳಿಗೆ ಅದರಿಂದ ಲಾಭವೇನೂ ಇರಲಿಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ನನ್ನ ಭಾವಮೈದುನ ಕೊಂಚ ಹೊತ್ತು ಸುಮ್ಮನಿದ್ದು, ಮೂದೇವಿಯ ನಿಯಮಗಳನ್ನು ಬರೆದು ಕಳಿಸುವಂತೆ ಕೇಳಿದ. ನಾನಿನ್ನೂ ಕಳಿಸಿಲ್ಲ.

ಇದರ ಹುರುಪಿನಲ್ಲಿ ಅಳಗುಳಿಮಣೆಯನ್ನು ಮನೆಖರ್ಚಿಗೆ ಹೂಡಿ ನೋಡಿದೆ: ಹದಿನಾಲ್ಕು ಗುಳಿ, ಹದಿನಾಲ್ಕು ದಿನ, ಹುಣಸೆ ಬೀಜವೊಂದಕ್ಕೆ ನೂರು ರೂಪಾಯಿ. ಗುಳಿ ಖಾಲಿಯಾಗುವುದು ಕಣ್ಣಿಗೆ ಕಾಣುವುದರಿಂದ ಹೋಟೆಲಿನಿಂದ ತರಿಸುವುದು ತಿಂಗಳಿಗೆ ಎಂಟುನೂರರಷ್ಟು ಇಳಿಯಿತು. ಆದರೆ ಮಧ್ಯಾಹ್ನ ನಾವಿಲ್ಲದಾಗ ಅಮ್ಮ ಪಕ್ಕದ ಮನೆಯವರನ್ನು ಕರೆದು ಅದೇ ಬೀಜಗಳಲ್ಲಿ ಆಡಿಬಿಟ್ಟಿದ್ದರಿಂದ ಎರಡು ಸಲ ಲೆಕ್ಕವೆಲ್ಲ ಕಲಸಿಹೋಯಿತು, ಕೈಬಿಟ್ಟೆ.

ಚೌಕಾಬಾರಕ್ಕೆ ಈವರೆಗೆ ಆದ ಖರ್ಚು ಕವಡೆ, ಸೀಮೆಸುಣ್ಣ, ಸ್ಲೇಟು ಸೇರಿ ಇನ್ನೂರು ರೂಪಾಯಿ ದಾಟಿಲ್ಲ. ಅದಕ್ಕೂ ಬಗ್ಗದ ಕೆಲಸವೊಂದಿದೆ, ಬಚ್ಚಲು ತೊಳೆಯುವುದು. ಮೂರು ಗರ ಇಟ್ಟರೂ ಯಾರೂ ಮುಂದೆ ಬರುವುದಿಲ್ಲವಾದ್ದರಿಂದ ನಾನೇ ತೊಳೆಯುತ್ತೇನೆ, ಮತ್ತು ಕಳೆದ ಐದು ಭಾನುವಾರಗಳಲ್ಲಿ ಮೂರು ಸಲ ನಮ್ಮ ಮನೆಯಲ್ಲಿ ನನಗಿಷ್ಟವಾದ ಸೆಟ್ ದೋಸೆಯಾಗಿದೆ.