ಅಳೆದು ಉಣ್ಣುವವರಿಗೆ ಹಸಿವು ಕಾಡದಿರಲಿ

ತೂಕ ಇಳಿಸಬೇಕೆಂದು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುಪಾಲು ಒಂದೇ: ಪಿಷ್ಟ (ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಬಿಡಬೇಕೇ, ಕೊಬ್ಬು ಬಿಡಬೇಕೇ? ಎರಡನ್ನೂ ಬಿಡಬೇಡಿ, ಮೊದಲು ಎಣ್ಣೆಯನ್ನು ಹೇಗೆ ಹಾಕುತ್ತೀರಿ ತೋರಿಸಿ ಎನ್ನುತ್ತೇನೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕ್ಯಾಲೊರಿ, ಪ್ರೋಟೀನಿನಲ್ಲೂ ಅಷ್ಟೇ, ಕೊಬ್ಬಿನಲ್ಲಿ ಮಾತ್ರ 9. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಹತ್ತಿರ ಹತ್ತಿರ 120 ಕ್ಯಾಲೊರಿ. ಕಣ್ಣಳತೆಯಲ್ಲಿ ಬಾಣಲೆಗೆ ಸುರಿಯುವವರು ಎರಡು ಮೂರು ಚಮಚ ಹಾಕಿರುತ್ತಾರೆ, ಲೆಕ್ಕದಲ್ಲಿ ಅದು ಬಂದೇ ಇರುವುದಿಲ್ಲ. ಹಾಗೆಂದು ಎಣ್ಣೆ ಪೂರ್ತಿ ನಿಲ್ಲಿಸುವುದೂ ಸಲ್ಲದು. ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತಲು ಕೊಬ್ಬು ಬೇಕು. ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯಿರಿ, ಅಷ್ಟು ಸಾಕು.

ಖರ್ಚಾಗುವುದಕ್ಕಿಂತ ಕಡಿಮೆ ಕ್ಯಾಲೊರಿ ಒಳಗೆ ಹೋದರೆ ಮಾತ್ರ ಮೈಯ ಕೊಬ್ಬು ಕರಗುತ್ತದೆ. ಯಾವ ಹೆಸರಿನ ಪಥ್ಯವಾದರೂ ಇದನ್ನು ತಪ್ಪಿಸಲಾರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರಲ್ಲಿ ಕೆಲವರಿಗೆ ಕೊಬ್ಬು ಕಡಿಮೆಯಿರುವ ಊಟವನ್ನೂ ಉಳಿದವರಿಗೆ ಪಿಷ್ಟ ಕಡಿಮೆಯಿರುವ ಊಟವನ್ನೂ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಂದೇ ಗುಂಪಿನೊಳಗೆ ಮಾತ್ರ ಕೆಲವರು ಬಹಳ ಇಳಿದಿದ್ದರು, ಕೆಲವರು ಏರಿಯೂ ಇದ್ದರು. ಯಾವುದನ್ನು ಬಹುಕಾಲ ಬೇಸರವಿಲ್ಲದೆ ಉಣ್ಣಬಲ್ಲಿರೋ ಅದೇ ನಿಮ್ಮ ಪಥ್ಯ. ನೆರೆಮನೆಯವರಿಗೆ ಒಗ್ಗಿದ್ದು ನಿಮಗೂ ಒಗ್ಗಬೇಕೆಂದೇನೂ ಇಲ್ಲ.

ಎಲ್ಲವೂ ಕ್ಯಾಲೊರಿಯೇ ಆದರೆ ಪ್ರೋಟೀನಿನ ಗೊಡವೆ ಏಕೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಪಥ್ಯ ಉಳಿಯುವುದೂ ಮುರಿಯುವುದೂ ಇಲ್ಲಿಯೇ. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ಸ್ನಾಯುವಿಗೂ ಕೈ ಹಾಕುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ. ಮೆಟ್ಟಿಲು ಹತ್ತುವಾಗ ಕಾಲುಗಳಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಅದರಲ್ಲೂ ವಯಸ್ಸಾದವರಿಗೆ. ಸಾಕಷ್ಟು ಪ್ರೋಟೀನ್ ತಿಂದು, ಭಾರ ಎತ್ತುವಂಥ ವ್ಯಾಯಾಮವನ್ನೂ ಇಟ್ಟುಕೊಂಡರೆ ಸ್ನಾಯು ಬಹುಮಟ್ಟಿಗೆ ಉಳಿಯುತ್ತದೆ. ಪ್ರೋಟೀನ್ ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಅದನ್ನು ಜೀರ್ಣಿಸಿ ಬಳಸಿಕೊಳ್ಳಲು ಅದರ ಶಕ್ತಿಯಲ್ಲೇ ಶೇಕಡಾ 20ರಿಂದ 30ರಷ್ಟು ಖರ್ಚಾಗುತ್ತದೆ, ಪಿಷ್ಟಕ್ಕೆ 5ರಿಂದ 10, ಕೊಬ್ಬಿಗೆ ಇನ್ನೂ ಕಡಿಮೆ. ತೂಕ ಇಳಿಸುವವರು ದೇಹದ ತೂಕದ ಪ್ರತಿ ಕೆಜಿಗೆ 1.2 ಗ್ರಾಂ ಆಸುಪಾಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. 70 ಕೆಜಿ ಇರುವವರಿಗೆ 84 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಎಂದರೆ ಇದು ತಾನಾಗಿ ಒದಗುವ ಪ್ರಮಾಣವಲ್ಲ ಎಂಬುದು ತಿಳಿಯುತ್ತದೆ. ಬೇಳೆಕಾಳು, ಮೊಸರು, ಮೀನು, ಯಾವುದು ಒಗ್ಗುವುದೋ ಅದನ್ನು ರಾತ್ರಿಗೊಂದೇ ಸಲ ಕೂಡಿಡದೆ ಮೂರು ಹೊತ್ತಿಗೂ ಹಂಚಿರಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬೇಡ, ಅವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಪಿಷ್ಟವನ್ನು ಒಮ್ಮೆಲೇ ಕಡಿದವರು ಮೊದಲ ವಾರ ಎರಡು ಕೆಜಿ ಇಳಿದೆನೆಂದು ಹಿಗ್ಗುತ್ತಾರೆ. ಸ್ನಾಯು, ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿದ್ದ ಪಿಷ್ಟ ತನ್ನ ಜೊತೆಗೆ ಮೂರುಪಟ್ಟು ನೀರನ್ನು ಹಿಡಿದಿಟ್ಟಿರುತ್ತದೆ. ಇಳಿದದ್ದರಲ್ಲಿ ಹೆಚ್ಚಿನ ಪಾಲು ಆ ನೀರೇ, ಮತ್ತೆ ಪಿಷ್ಟ ತಿಂದ ದಿನ ಬಂದೇ ಬರುತ್ತದೆ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವಾಗ ಅದು ವಾರದೊಳಗೆ ಅಷ್ಟೆಲ್ಲ ಕರಗುವುದು ಹೇಗೆ? ಕಡಿಯಲೇಬೇಕೆಂದರೆ ಸಿಹಿ ಪಾನೀಯಗಳನ್ನು ಕಡಿಯಿರಿ, ಕುಡಿದ ಕ್ಯಾಲೊರಿಗೆ ಹಸಿವು ಹೆಚ್ಚೇನೂ ತಗ್ಗುವುದಿಲ್ಲ. ತರಕಾರಿ, ಕಾಳು, ಇಡೀ ಧಾನ್ಯಗಳು ನಾರಿನ ಜೊತೆ ಬರುವುದರಿಂದ ತಟ್ಟೆಯಲ್ಲಿ ಇರಲಿ.

ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಮಾಡುವುದು ಸಾಕು. ಬೆಳಿಗ್ಗೆ ಎದ್ದೊಡನೆ ತೂಗಿ, ವಾರದ ಸರಾಸರಿಯನ್ನು ನೋಡಿ, ಒಂದು ದಿನದ ಏರಿಳಿತಕ್ಕೆ ಕಂಗೆಡಬೇಡಿ. ಮೈ ಹಗುರಾದಂತೆ ಅದಕ್ಕೆ ಬೇಕಾದ ಶಕ್ತಿಯೂ ತಗ್ಗುತ್ತದೆ. ತೂಕ ಹಲವು ವಾರ ನಿಂತಲ್ಲೇ ನಿಂತರೆ ಹೊಸ ತೂಕಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ. ಗರ್ಭಿಣಿಯರು ಈ ಗೋಜಿಗೇ ಹೋಗಬಾರದು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಮಾಣ ಹಾಗೆಯೇ ಇದ್ದು ಪಿಷ್ಟ ಮಾತ್ರ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.