ಪದವಿ ಮೊದಲು ಬಂತು, ಕೋಚಿಂಗ್ ಆಮೇಲೆ

ಮೇ ತಿಂಗಳಲ್ಲಿ ಕಲಬುರಗಿಯ ನೆಲ ಬೆಳಿಗ್ಗೆ ಎಂಟಕ್ಕೇ ಕಾದು ಸುಡುತ್ತದೆ. ಅದಕ್ಕೇ ನಮ್ಮ ಪ್ರಾಕ್ಟೀಸ್ ನಸುಕಿನ ಐದೂವರೆಗೆ ಶುರು. ನಾನು ಕಾಲೇಜು ಮಕ್ಕಳಿಗೆ ಓಟ ಕಲಿಸುತ್ತೇನೆ. ಈ ಕೆಲಸಕ್ಕೆ ಬರುವುದು ಹೇಗೆ ಅಂತ ತುಂಬಾ ಮಕ್ಕಳು ಕೇಳುತ್ತಾರೆ.

ನಾನು ಜೇವರ್ಗಿ ಕಡೆಯ ಹಳ್ಳಿಯವನು. ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದೆ. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮೊದಲ ಸುತ್ತಿನ ಹೀಟ್ಸ್‌ ದಾಟಲಾಗಲಿಲ್ಲ. ಆದರೆ ಮೈದಾನ ಬಿಡಲು ಮನಸ್ಸು ಬರಲಿಲ್ಲ. ಎರಡು ವರ್ಷ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್., ಇನ್ನೆರಡು ವರ್ಷ ಅದರ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಮಾಡಿದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಕೋಚಿಂಗ್ ಡಿಪ್ಲೊಮಾಗೆ ಒಂದು ವರ್ಷ ಬೇಕು. ಮನೆ ಪರಿಸ್ಥಿತಿ ಬಿಡಲಿಲ್ಲ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬಂದೆ.

ಕಾಲೇಜಿನಲ್ಲಿ ಕಾಯಂ ದೈಹಿಕ ಶಿಕ್ಷಣ ನಿರ್ದೇಶಕ ಆಗಬೇಕಂದ್ರೆ ಎಂ.ಪಿ.ಎಡ್.ನಲ್ಲಿ ಸಾಮಾನ್ಯವಾಗಿ ಶೇ. 55 ಅಂಕ, ಅದರ ಮೇಲೆ ಕಾಲೇಜು ಹುದ್ದೆಗಳ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಓಟದ ಪರೀಕ್ಷೆಯೂ ಇದೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಓಟ ನನಗೆ ಕಷ್ಟವಾಗಲಿಲ್ಲ. ಕೆ-ಸೆಟ್ ಮಾತ್ರ ಮೂರನೇ ಸಲಕ್ಕೆ ಆಯಿತು. ಅಲ್ಲಿವರೆಗೆ ಕಾಲೇಜಿನಲ್ಲಿ ಅತಿಥಿಯಾಗಿ, ಅಂದರೆ ಕಾಯಂ ಅಲ್ಲದೆ, ದುಡಿದೆ. ಗೌರವಧನ ಮೂರು ತಿಂಗಳಿಗೊಮ್ಮೆ ಕೈ ಸೇರುತ್ತಿತ್ತು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಮೀಸಲಾತಿಯ 371ಜೆ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿ ಕರೆದ ಮೇಲೆ ಓಡಾಡಬೇಡಿ.

ಇಷ್ಟಾದರೂ ನಾನಿನ್ನೂ ಕೋಚ್ ಆಗಿರಲಿಲ್ಲ.

ಅತಿಥಿಯಾಗಿದ್ದಾಗ 400 ಮೀಟರ್ ಓಡುವ ಹುಡುಗಿಯೊಬ್ಬಳು ಸಿಕ್ಕಳು. ಒಳ್ಳೆ ಹೆಜ್ಜೆ, ಹಟವೂ ಇತ್ತು. ನಾನು ಓಡುತ್ತಿದ್ದಾಗ ಏನು ಮಾಡುತ್ತಿದ್ದೆನೋ ಅದನ್ನೇ ಅವಳಿಂದ ಮಾಡಿಸಿದೆ. ಮಳೆಗಾಲದಲ್ಲಿ ನಮ್ಮ ಕರಿಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಓಡಲಾಗಲ್ಲ. ಹಾಗಾಗಿ ಸಿಮೆಂಟ್ ರಸ್ತೆಗೆ ಕರೆದೊಯ್ದೆ. "ಸರ್, ಮೊಣಕಾಲ ಕೆಳಗ ನೋಯ್ತದರಿ" ಅಂದಳು. "ಎರಡು ದಿನ ಆದ್ರ ಸರಿ ಹೋಗ್ತದ, ಓಡು" ಅಂದೆ. ಮೂರು ವಾರದ ಮೇಲೆ ಅವಳು ಕುಂಟುತ್ತಾ ಬಂದಳು. ಮೂಳೆಯಲ್ಲಿ ಸಣ್ಣ ಬಿರುಕು. ಆ ವರ್ಷದ ಅಂತರ ಕಾಲೇಜು ಕೂಟ ಅವಳಿಗೆ ತಪ್ಪಿತು. ಅವಳ ಅಪ್ಪ ನನ್ನನ್ನು ಬೈಯಲಿಲ್ಲ. "ನೀವು ನೋಡ್ಕೋತೀರಿ ಅಂತ ಕಳಿಸಿದ್ದೆ ಸರ್" ಅಂದರು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಒಂದು ದೊಡ್ಡ ನೋಟ್‌ಬುಕ್ ತಂದೆ. ಒಬ್ಬೊಬ್ಬರಿಗೂ ಒಂದೊಂದು ಪುಟ. ಎಷ್ಟು ಓಡಿದರು, ಯಾವ ನೆಲದ ಮೇಲೆ, ಎಷ್ಟು ಗಂಟೆ ನಿದ್ದೆ, ಏನು ತಿಂದರು, ಎಲ್ಲಿ ನೋವು, ಎಲ್ಲ ಬರೆಯುತ್ತೇನೆ. ಬರೆಯತೊಡಗಿದ ಮೇಲೆ ಕಣ್ಣು ತೆರೆಯಿತು. ಅರ್ಧ ಹುಡುಗಿಯರು ಬರೀ ಚಹಾ ಕುಡಿದು ಬರುತ್ತಿದ್ದರು! ಈಗ ಶೇಂಗಾ, ಬೆಲ್ಲ ನನ್ನ ಚೀಲದಲ್ಲೇ ಇರುತ್ತದೆ. ತಿಂಗಳ ದಿನಗಳ ಬಗ್ಗೆ ಹುಡುಗಿಯರು ನನ್ನ ಹತ್ತಿರ ಹೇಳಲು ಮುಜುಗರಪಡುತ್ತಿದ್ದರು. ಅದನ್ನು ಒಬ್ಬ ಮೇಡಂ ಕೇಳಿ ತಿಳಿಸುತ್ತಾರೆ, ಆ ವಾರದ ಓಟ ಬದಲಿಸುತ್ತೇನೆ. ಸುಸ್ತು ಅಂದವರಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಯಾರಿಗೂ ಓಟವನ್ನು ಒಮ್ಮೆಲೇ ಜಾಸ್ತಿ ಮಾಡುವುದಿಲ್ಲ, ಪ್ರತಿ ನಾಲ್ಕನೇ ವಾರ ಕಡಿಮೆ ಮಾಡುತ್ತೇನೆ.

ಆ ಹುಡುಗಿ ಮರುವರ್ಷ ಓಡಿದಳು, ಫೈನಲ್‌ ತಲುಪಿದಳು. ಅವಳ ಪುಟ ಈಗಲೂ ನನ್ನ ಹತ್ತಿರ ಇದೆ.

ಕೋಚ್ ಆಗಬೇಕು ಅಂತ ಬರುವವರಿಗೆ ನಾನು ಮೊದಲು ಒಂದು ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸುತ್ತೇನೆ. ಒಂದು ತಿಂಗಳು ದಿನಾ ಐದೂವರೆಗೆ ಬರಲಿ, ಸುಮ್ನೆ ನೋಡಲಿ, ಬರೆಯಲಿ. ಅರ್ಜಿ, ಕೋರ್ಸ್ ಮಾತೆಲ್ಲ ಆಮೇಲೆ.

ಈ ವರ್ಷ 800 ಮೀಟರಿಗೆ ಮೂವರು ಹುಡುಗಿಯರಿದ್ದಾರೆ. ಒಬ್ಬಳ ಊರಿಂದ ನಸುಕಿಗೆ ಬಸ್ಸಿಲ್ಲ, ಸಂಜೆ ನಾಲ್ಕೂವರೆ ಬಸ್ಸು ತಪ್ಪಿದರೆ ಮನೆಗೆ ಹೋಗಲಾಗಲ್ಲ. ಅವಳನ್ನು ಬಿಸಿಲಿಗೆ ಬಿಡದೆ ಓಡಿಸುವುದು ಹೇಗೆ? ಸದ್ಯ ಅವಳ ಪುಟ ಹಿಡಿದು ಅದೇ ಲೆಕ್ಕ ಹಾಕುತ್ತಿದ್ದೇನೆ.